ಅಢಾವೆ ಪತ್ರಿಕೆಯಲ್ಲಿ ಕಾಣದ ಮನುಷ್ಯ: ಒಲಿವೆಟ್ಟಿ ಕಾರ್ಖಾನೆಯ ಪಾಠ

ಯಂತ್ರವು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ನಮೂದಾಗುತ್ತದೆ. ಅದನ್ನು ನಡೆಸುವ ಕೆಲಸಗಾರನು ಲಾಭ-ನಷ್ಟ ಖಾತೆಯಲ್ಲಿ ವೇತನವೆಂಬ ಖರ್ಚಾಗಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದು ತಪ್ಪಲ್ಲ. ಆದರೆ ಬೇಡಿಕೆ ಕುಸಿದಾಗ ಉದ್ಯಮಿಯ ಕಣ್ಣು ಮೊದಲು ಬೀಳುವುದು ಖರ್ಚಿನ ಮೇಲೆ. ಆ ಖರ್ಚಿನ ಹಿಂದಿರುವ ಮನುಷ್ಯನನ್ನು ಹೇಗೆ ಕಾಣಬೇಕೆಂಬ ಪ್ರಶ್ನೆಗೆ ಉತ್ತರವನ್ನು ಅರಸಿದ ಚಿಂತನೆಗಳಲ್ಲಿ ಕ್ರೈಸ್ತ ವ್ಯಕ್ತಿತ್ವವಾದವೂ ಒಂದು.

ತತ್ತ್ವದ ತಿರುಳು

ಫ್ರಾನ್ಸಿನ ಇಮ್ಯಾನುಯೆಲ್ ಮುನಿಯೆ (1905–1950) 1932ರಲ್ಲಿ ‘ಎಸ್ಪ್ರಿ’ ಎಂಬ ಪತ್ರಿಕೆಯನ್ನು ಸ್ಥಾಪಿಸಿ ಈ ವಾದವನ್ನು ಪ್ರಚುರಪಡಿಸಿದರು. ತನ್ನ ಸ್ವಾರ್ಥದೊಳಗೆ ಮುಚ್ಚಿಕೊಂಡವನು ಕೇವಲ ಒಂಟಿ ಜೀವಿ. ಇತರರೊಡನೆ ಸಂಬಂಧವಿರಿಸಿಕೊಂಡು, ಹೊಣೆಯನ್ನು ಹೊತ್ತು, ತನಗೆ ಬಂದ ಕರೆಯನ್ನು ಅರಿತು ಬೆಳೆಯುವವನೇ ‘ವ್ಯಕ್ತಿ’ ಎಂಬುದು ಅವರ ವಿವೇಚನೆ. ಮನುಷ್ಯನನ್ನು ಯಂತ್ರದ ಭಾಗವಾಗಿಸುವ ಬಂಡವಾಳಶಾಹಿಯನ್ನೂ, ಸಮೂಹದಲ್ಲಿ ಕರಗಿಸುವ ಸರ್ವಾಧಿಕಾರವನ್ನೂ ಅವರು ಸಮಾನವಾಗಿ ವಿರೋಧಿಸಿದರು.

ಯುವಕನಾಗಿದ್ದಾಗ ಪೋಲೆಂಡಿನ ಕಲ್ಲುಗಣಿಯಲ್ಲಿಯೂ ರಾಸಾಯನಿಕ ಕಾರ್ಖಾನೆಯಲ್ಲಿಯೂ ದುಡಿದಿದ್ದ ಪೋಪ್ ಎರಡನೆಯ ಜಾನ್ ಪಾಲ್, 1981ರಲ್ಲಿ ಹೊರಡಿಸಿದ ‘ಲಾಬೊರೆಮ್ ಎಕ್ಸರ್ಸೆನ್ಸ್’ ಎಂಬ ಪತ್ರದಲ್ಲಿ ಈ ದೃಷ್ಟಿಯನ್ನು ದುಡಿಮೆಗೆ ಅನ್ವಯಿಸಿದರು. ಕೆಲಸದ ಘನತೆಯು ತಯಾರಾದ ಸರಕಿಗಿಂತ ಮೊದಲು ಅದನ್ನು ಮಾಡುವ ವ್ಯಕ್ತಿಯಿಂದ ಬರುತ್ತದೆಂಬುದು ಅದರ ಸಾರ.

ಇವ್ರೆಯಾದ ಪ್ರಯೋಗ

ಮುನಿಯೆ ಮುಂತಾದವರ ವಿಚಾರಗಳನ್ನು ಉದ್ಯಮಕ್ಕೆ ತಂದವರಲ್ಲಿ ಇಟಲಿಯ ಅಡ್ರಿಯಾನೊ ಒಲಿವೆಟ್ಟಿ (1901–1960) ಪ್ರಮುಖರು. ಇವ್ರೆಯಾ ಪಟ್ಟಣದಲ್ಲಿ ಅವರ ತಂದೆ 1908ರಲ್ಲಿ ಬೆರಳಚ್ಚು ಯಂತ್ರಗಳ ಕಾರ್ಖಾನೆಯನ್ನು ಸ್ಥಾಪಿಸಿದ್ದರು. ಬಾಲ್ಯದಲ್ಲಿಯೇ ಅಲ್ಲಿ ಕೈಕೆಲಸ ಮಾಡಿದ್ದ ಅಡ್ರಿಯಾನೊಗೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವವನ ಬೇಸರದ ಅರಿವಿತ್ತು. ಕಾರ್ಖಾನೆಯ ಗುರಿ ಲಾಭವೊಂದೇ ಅಲ್ಲವೆಂದು ನಂಬಿದ ಅವರು ಗ್ರಂಥಾಲಯ, ಶಿಶುವಿಹಾರ, ವಸತಿ ಮತ್ತು ವೈದ್ಯಕೀಯ ನೆರವನ್ನು ಒದಗಿಸಿದರು. 1956–57ರಲ್ಲಿ ವೇತನವನ್ನು ಇಳಿಸದೆ ವಾರದ ದುಡಿಮೆಯನ್ನು 48ರಿಂದ 45 ಗಂಟೆಗಳಿಗೆ ತಗ್ಗಿಸಲಾಯಿತು.

ನಿಜವಾದ ಪರೀಕ್ಷೆ ಬಂದದ್ದು 1950ರ ದಶಕದ ಆರಂಭದಲ್ಲಿ. ಮಾರಾಟವಾಗದ ಯಂತ್ರಗಳು ಗೋದಾಮಿನಲ್ಲಿ ರಾಶಿ ಬಿದ್ದಾಗ ಕೆಲಸಗಾರರನ್ನು ಕಡಿಮೆ ಮಾಡಬೇಕೆಂಬ ಸಲಹೆ ಬಂದಿತು. ಒಲಿವೆಟ್ಟಿ ಅದನ್ನು ಒಪ್ಪದೆ ಬೆಲೆಯನ್ನು ಇಳಿಸಿದರು, ಹೊಸ ಮಾರಾಟಗಾರರನ್ನು ನೇಮಿಸಿಕೊಂಡರು, ಮಾರಾಟ ಜಾಲವನ್ನು ವಿಸ್ತರಿಸಿದರು. ದಾಸ್ತಾನು ಕರಗಿತು, ಕಾರ್ಖಾನೆ ಬೆಳೆಯಿತು. ಅದೇ ಕಾಲದ ‘ಲೆಟೆರಾ 22’ ಯಂತ್ರವು ಜಗತ್ಪ್ರಸಿದ್ಧವಾಯಿತು.

ಲೆಕ್ಕದ ಇನ್ನೊಂದು ಬದಿ

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಲೆಕ್ಕ ಪೂರ್ಣವಾಗುವುದಿಲ್ಲ. 1959ರಲ್ಲಿ ಒಲಿವೆಟ್ಟಿ ಸಂಸ್ಥೆಯು ಅಮೆರಿಕದ ಅಂಡರ್‌ವುಡ್ ಕಂಪನಿಯನ್ನು ಕೊಳ್ಳಲು ಮುಂದಾಗಿ ಭಾರಿ ಹೊರೆಯನ್ನು ಹೊತ್ತಿತು. 1960ರಲ್ಲಿ ಅಡ್ರಿಯಾನೊ ಅಕಾಲದಲ್ಲಿ ನಿಧನರಾದರು. 1964ರಲ್ಲಿ ಬ್ಯಾಂಕುಗಳು ಹಾಗೂ ದೊಡ್ಡ ಉದ್ಯಮಗಳ ಕೂಟವು ಸಂಸ್ಥೆಯ ನೆರವಿಗೆ ಬರಬೇಕಾಯಿತು. ಅದೇ ವರ್ಷ ಅದರ ಎಲೆಕ್ಟ್ರಾನಿಕ್ಸ್ ವಿಭಾಗವು ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೈಗೆ ಹೋಯಿತು. ಇವ್ರೆಯಾದ ಕಟ್ಟಡಗಳು 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆದರೆ ಪ್ರಯೋಗದ ಉತ್ಸಾಹವನ್ನು ಕಟ್ಟಡಗಳು ಉಳಿಸಿಕೊಡಲಾರವು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ವ್ಯಕ್ತಿಗೌರವವು ಲೆಕ್ಕದ ಶಿಸ್ತಿಗೆ ಪರ್ಯಾಯವಲ್ಲ. ಸಾಲದ ಹೊರೆಯನ್ನು ಅಳೆಯದ ಸಜ್ಜನಿಕೆಯು ಕೊನೆಗೆ ಕೆಲಸಗಾರನನ್ನೇ ಅಪಾಯಕ್ಕೆ ಒಡ್ಡುತ್ತದೆ.

2. ವೇತನವನ್ನು ಕಡಿತಗೊಳಿಸುವ ಮುನ್ನ ಬೆಲೆ, ಮಾರುಕಟ್ಟೆ, ದಾಸ್ತಾನು ಇವುಗಳನ್ನು ಪರಿಶೀಲಿಸಬೇಕು. ಕೆಲಸಗಾರನನ್ನು ತೆಗೆಯುವುದು ಕೊನೆಯ ಉಪಾಯವಾಗಬೇಕೇ ಹೊರತು ಸುಲಭದ ಮೊದಲ ಉಪಾಯವಾಗಬಾರದು.

3. ಒಬ್ಬ ಯಜಮಾನನ ಒಳ್ಳೆಯತನವನ್ನೇ ನೆಚ್ಚಿದ ವ್ಯವಸ್ಥೆ ಅವನೊಡನೆ ಮುಗಿಯುತ್ತದೆ. ಆದುದರಿಂದ ಅದನ್ನು ಲಿಖಿತ ನಿಯಮಗಳಾಗಿ ರೂಪಿಸುವುದು ಅಗತ್ಯ.

ವರ್ಷಾಂತ್ಯದಲ್ಲಿ ವೇತನದ ಮೊತ್ತಕ್ಕೆ ಸಹಿ ಹಾಕುವ ಉದ್ಯಮಿಯೂ, ಅದನ್ನು ತಪಾಸಣೆ ಮಾಡುವ ಲೆಕ್ಕಪರಿಶೋಧಕನೂ, ಆ ಒಂದು ಸಾಲಿನ ಹಿಂದೆ ಎಷ್ಟು ಮನೆಗಳ ಒಲೆ ಉರಿಯುತ್ತಿದೆ ಎಂಬುದನ್ನು ಕ್ಷಣಕಾಲ ನೆನೆದರೆ, ವೃತ್ತಿಯೆಂಬುದು ಬರಿಯ ಸಂಪಾದನೆಯಾಗಿ ಉಳಿಯದೆ ಹೊಣೆಯಾಗುತ್ತದೆ.