ಪೆಟ್ಟಿಗೆಯ ಮೇಲಣ ಮುಖ

ಮಾವಿನ ಹಣ್ಣನ್ನು ಕೊಳ್ಳುವವನು ಅದನ್ನು ಮೂಸಿ ನೋಡಬಲ್ಲನು. ಬಟ್ಟೆಯನ್ನು ಕೊಳ್ಳುವವನು ಅದರ ನೆಯ್ಗೆಯನ್ನು ಬೆರಳುಗಳ ನಡುವೆ ಹಿಡಿದು ಪರೀಕ್ಷಿಸಬಲ್ಲನು. ವೀಡಿಯೊ ಆಟವನ್ನು ಕೊಳ್ಳಹೋದವನಿಗೆ ಈ ಸೌಕರ್ಯವಿಲ್ಲ. ಆಟವು ಯಂತ್ರದೊಳಗೆ ಸೇರಿ, ಪರದೆ ಬೆಳಗಿ, ಕೈ ಆಡತೊಡಗಿದ ಮೇಲಲ್ಲದೆ ಅದರ ಗುಣಾವಗುಣಗಳು ತಿಳಿಯತಕ್ಕವಲ್ಲ. ಅಲ್ಲಿಯವರೆಗೆ ಗಿರಾಕಿಗೆ ಕಾಣುವುದು ಅದನ್ನಿಟ್ಟ ಪೆಟ್ಟಿಗೆ ಮಾತ್ರ. ಹೀಗಾಗಿ ಆ ಪೆಟ್ಟಿಗೆಯ ಮೇಲಣ ಚಿತ್ರಕ್ಕೆ ಎರಡು ಕೆಲಸಗಳು ಬಿದ್ದಿವೆ: ಒಳಗೆ ಏನಿದೆಯೆಂದು ಹೇಳುವುದು ಒಂದು; ಅದು ಯಾರಿಗಾಗಿ ಇದೆಯೆಂದು ಹೇಳುವುದು ಇನ್ನೊಂದು. ಈ ಎರಡನೆಯ ಕೆಲಸದಲ್ಲಿಯೇ ವಿಚಾರ ಮಾಡತಕ್ಕ ಸಂಗತಿಗಳು ಹೆಚ್ಚಾಗಿವೆ.

ಮೊದಲಿಗೆ ಯಂತ್ರದ ಕಡೆಯಿಂದ ನೋಡೋಣ. 1977ರಲ್ಲಿ ಅಮೆರಿಕದ ಅಟಾರಿ ಕಂಪನಿ ಮಾರಾಟಕ್ಕೆ ತಂದ ಗೃಹಯಂತ್ರವು ಟೆಲಿವಿಷನ್ ಪರದೆಯ ಮೇಲೆ ಅಡ್ಡಲಾಗಿ 160 ಚಿತ್ರಬಿಂದುಗಳನ್ನು ಮೂಡಿಸಬಲ್ಲುದಾಗಿತ್ತು. ಅದರ ತಾತ್ಕಾಲಿಕ ಸ್ಮೃತಿ ಕೇವಲ 128 ಬೈಟುಗಳು. ಇಂದು ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ಒಂದು ಕನ್ನಡ ಲಿಪಿಚಿಹ್ನೆಗೆ ಸಾಮಾನ್ಯವಾಗಿ 3 ಬೈಟುಗಳು ಬೇಕು. ಎಂದರೆ ಆ ಯಂತ್ರದ ಸ್ಮೃತಿಯಲ್ಲಿ ಒಂದೂವರೆ ಸಾಲು ಕನ್ನಡವೂ ಹಿಡಿಸದು! ಇಷ್ಟರಲ್ಲಿಯೇ ಯುದ್ಧಟ್ಯಾಂಕುಗಳು ಕಾದಾಡಬೇಕು, ವಿಮಾನಗಳು ಹಾರಬೇಕು. ಪರದೆಯ ಮೇಲೆ ಟ್ಯಾಂಕು ಎಂಬುದು ಕೆಲವು ಚೌಕಗಳ ಗುಂಪಷ್ಟೆ. ಅದನ್ನೇ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದರೆ ಕೊಳ್ಳುವವರಾರು? ಆದುದರಿಂದ ಅಟಾರಿಯವರು ಕ್ಲಿಫ್ ಸ್ಪೋನ್ ಮೊದಲಾದ ಚಿತ್ರಕಾರರಿಂದ ವರ್ಣಚಿತ್ರಗಳನ್ನು ಬರೆಯಿಸಿದರು. 'ಕಾಂಬ್ಯಾಟ್' ಎಂಬ ಆಟದ ಪೆಟ್ಟಿಗೆಯಲ್ಲಿ ಟ್ಯಾಂಕು, ಹಳೆಯ ಕಾಲದ ವಿಮಾನ, ಜೆಟ್ ಇವೆಲ್ಲ ಒಂದರೊಡನೊಂದು ಬೆರೆತು ಧಾವಿಸುತ್ತವೆ. ಆ ಚಿತ್ರಗಳು ಮೋಸವೆ? ಹಾಗೆನ್ನಲಾಗದು. ನಾಟಕದಲ್ಲಿ ಒಂದು ಮರದ ಕೊಂಬೆಯನ್ನು ಕಂಡು ಪ್ರೇಕ್ಷಕನು ಕಾಡನ್ನೇ ಕಲ್ಪಿಸಿಕೊಳ್ಳುವಂತೆ, ಆಡುವ ಹುಡುಗನು ಚೌಕಗಳಲ್ಲಿ ಕಾಣಬೇಕಾದುದೇನು ಎಂಬುದನ್ನು ಪೆಟ್ಟಿಗೆಯ ಚಿತ್ರವು ಮುಂಗಡವಾಗಿ ತಿಳಿಸುತ್ತಿತ್ತು.

ಆದರೆ ಚಿತ್ರ ಮತ್ತು ಆಟಗಳ ನಡುವಣ ಅಂತರವು ಮಿತಿಮೀರಿದರೆ ಗಿರಾಕಿ ರೇಗುವುದು ಸಹಜ. 1983ರಲ್ಲಿ ಅಮೆರಿಕದ ಆಟಗಳ ಮಾರುಕಟ್ಟೆ ಕುಸಿದುಬಿತ್ತು. ಕಳಪೆ ಆಟಗಳು ಅಂಗಡಿಗಳನ್ನು ತುಂಬಿದ್ದುದು ಅದಕ್ಕೆ ಒಂದು ಕಾರಣ. ಎರಡು ವರ್ಷಗಳ ಬಳಿಕ, 1985ರಲ್ಲಿ, ಜಪಾನಿನ ನಿಂಟೆಂಡೊ ಕಂಪನಿ ಅದೇ ಪೇಟೆಗೆ ಕಾಲಿಟ್ಟಾಗ ಅದರ ಮೊದಲ ಪೆಟ್ಟಿಗೆಗಳ ಮೇಲೆ ವರ್ಣಚಿತ್ರವಿರಲಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಆಟದೊಳಗಿನ ಚೌಕುಳಿ ಗೊಂಬೆಗಳನ್ನೇ ದೊಡ್ಡದಾಗಿಸಿ ಅಚ್ಚು ಹಾಕಿದ್ದರು. ಸುಟ್ಟುಕೊಂಡ ಗಿರಾಕಿಗೆ ಉಳಿದೆಲ್ಲಕ್ಕಿಂತ ಪ್ರಾಮಾಣಿಕತೆಯೇ ಆಕರ್ಷಕವೆಂದು ವ್ಯಾಪಾರಿಗೆ ತೋರಿರಬೇಕು.

ಇನ್ನು ದೇಶಭೇದ. ಕ್ಯಾಪ್‌ಕಾಮ್ ಕಂಪನಿಯ 'ರಾಕ್‌ಮ್ಯಾನ್' ಜಪಾನಿನಲ್ಲಿ 1987ರಲ್ಲಿ ಹೊರಬಿದ್ದಿತು. ಅದರ ನಾಯಕನು ನೀಲಿ ಕವಚ ತೊಟ್ಟ ಯಂತ್ರಬಾಲಕ. ಅವನ ಒಂದು ತೋಳೇ ಫಿರಂಗಿ. ಜಪಾನಿನ ಪೆಟ್ಟಿಗೆಯ ಮೇಲೆ ಇರುವವನೂ ಅವನೇ. ಅದೇ ಆಟವು 'ಮೆಗಾ ಮ್ಯಾನ್' ಎಂಬ ಹೆಸರಿನಿಂದ ಅಮೆರಿಕಕ್ಕೆ ಹೋದಾಗ ಪೆಟ್ಟಿಗೆಯ ಮೇಲೆ ನಿಂತವನು ಹಳದಿ ನೀಲಿ ಉಡುಪಿನ, ಕೈಯಲ್ಲಿ ಪಿಸ್ತೂಲು ಹಿಡಿದ, ಸೊಟ್ಟ ನಿಲುವಿನ ನಡುವಯಸ್ಸಿನ ಗಂಡಸು! ಆಟದಲ್ಲಿ ಪಿಸ್ತೂಲೂ ಇಲ್ಲ, ಗಂಡಸೂ ಇಲ್ಲ. ಅಮೆರಿಕದ ಬಾಲಕನು ತನ್ನಂಥ ಬಾಲಕನನ್ನು ಮೆಚ್ಚನು, ಹಿರಿಯ ವೀರನನ್ನೇ ಬಯಸುವನು ಎಂಬ ಎಣಿಕೆ ಅದರ ಹಿಂದೆ ಇದ್ದಂತೆ ಕಾಣುತ್ತದೆ. ಚಿತ್ರವು ಎಷ್ಟು ಕುಪ್ರಸಿದ್ಧವಾಯಿತೆಂದರೆ, 2012ರಲ್ಲಿ ಕ್ಯಾಪ್‌ಕಾಮ್ ತಾನೇ ತನ್ನ ಇನ್ನೊಂದು ಆಟದಲ್ಲಿ ಆ ಮನುಷ್ಯನನ್ನು ಹಾಸ್ಯಪಾತ್ರವಾಗಿ ಕುಣಿಸಿತು. ಇದಕ್ಕಿಂತಲೂ ವಿಚಿತ್ರವಾದುದು 'ಫಾಲಾಂಕ್ಸ್' ಎಂಬ ಆಟದ ಅಮೆರಿಕದ ಪೆಟ್ಟಿಗೆ. ಆಟವು ಅಂತರಿಕ್ಷ ನೌಕೆಗಳ ಕದನ. ಪೆಟ್ಟಿಗೆಯ ಮೇಲೆ ಗಡ್ಡದ ಮುದುಕನೊಬ್ಬನು ಕುಳಿತು ಬ್ಯಾಂಜೊ ನುಡಿಸುತ್ತಿದ್ದಾನೆ! ನೌಕೆಯ ಚಿತ್ರಗಳೇ ತುಂಬಿದ ಕಪಾಟಿನಲ್ಲಿ ಇದೊಂದಾದರೂ ಕಣ್ಣಿಗೆ ಬೀಳದೆ ಇರದು.

ಈ ಬಗೆಯ ವ್ಯತ್ಯಾಸಗಳಲ್ಲೆಲ್ಲ ಅತ್ಯಂತ ಸೂಕ್ಷ್ಮವಾದುದು, ನನ್ನ ಮಟ್ಟಿಗೆ ಅತ್ಯಂತ ಬೋಧಪ್ರದವಾದುದು, 'ಕರ್ಬಿ' ಎಂಬ ಗೊಂಬೆಯದು. 1992ರಲ್ಲಿ ಹುಟ್ಟಿದ ಈ ಕರ್ಬಿ ಒಂದು ಗುಲಾಬಿ ಬಣ್ಣದ ಚೆಂಡು. ಚೆಂಡಿಗೆ ಎರಡು ಉದ್ದ ಕಣ್ಣು, ಪುಟ್ಟ ಬಾಯಿ, ಮೊಟುಕು ಕೈಕಾಲು. ಮೊದಲ ಆಟವನ್ನು ಬಣ್ಣವಿಲ್ಲದ ಗೇಮ್ ಬಾಯ್ ಯಂತ್ರಕ್ಕಾಗಿ ಮಾಡಿದ್ದುದರಿಂದ ಅಮೆರಿಕದ ಪೆಟ್ಟಿಗೆಯಲ್ಲಿ ಅದು ಬೆಳ್ಳಗೆ ಅಚ್ಚಾಯಿತು. ಮುಂದಿನ ಹಲವು ಆಟಗಳಲ್ಲಿ ಬಣ್ಣ ಸರಿಹೋದರೂ ಬೇರೊಂದು ಭೇದ ಕಾಣಿಸಿಕೊಂಡಿತು. ಜಪಾನಿನ ಪೆಟ್ಟಿಗೆಯಲ್ಲಿ ಕರ್ಬಿ ನಗುತ್ತಿದ್ದರೆ, ಅಮೆರಿಕದ ಪೆಟ್ಟಿಗೆಯಲ್ಲಿ ಹುಬ್ಬು ಗಂಟಿಕ್ಕಿರುತ್ತದೆ. ಉಳಿದ ಚಿತ್ರವೆಲ್ಲ ಹೆಚ್ಚುಕಡಿಮೆ ಅದೇ.

ಎರಡು ಗೆರೆಗಳಿಂದ ಇಷ್ಟು ಪರಿಣಾಮ ಹೇಗಾಯಿತು? ಆಸ್ಟ್ರಿಯದ ಪ್ರಾಣಿಶಾಸ್ತ್ರಜ್ಞ ಕಾನ್ರಾಡ್ ಲೊರೆನ್ಸ್ 1943ರಲ್ಲಿ ಒಂದು ವಿಚಾರವನ್ನು ಮಂಡಿಸಿದನು. ದೊಡ್ಡ ತಲೆ, ಗುಂಡು ಕೆನ್ನೆ, ಮುಖದ ಕೆಳಭಾಗದಲ್ಲಿ ದೊಡ್ಡ ಕಣ್ಣುಗಳು, ಗಿಡ್ಡ ಅವಯವಗಳು—ಇವು ಶಿಶುವಿನ ಲಕ್ಷಣಗಳು. ಇವನ್ನು ಎಲ್ಲಿಯೇ ಕಂಡರೂ, ನಾಯಿಮರಿಯಲ್ಲಾಗಲಿ ಗೊಂಬೆಯಲ್ಲಾಗಲಿ, ನಮ್ಮಲ್ಲಿ ವಾತ್ಸಲ್ಯವು ತಾನಾಗಿ ಎಚ್ಚರಗೊಳ್ಳುವುದು ಎಂಬುದೇ ಆ ವಿಚಾರ. ಕರ್ಬಿಯ ದೇಹವೆಂದರೆ ಈ ಲಕ್ಷಣಗಳ ಮೊತ್ತವೇ ಸರಿ. ಮುಖದಲ್ಲಿ ಕೋಪವನ್ನು ಸಾರುವ ಗುರುತುಗಳಲ್ಲಿ ಕೆಳಗಿಳಿದು ಒಳಮುಖವಾಗಿ ಸೇರುವ ಹುಬ್ಬು ಮುಖ್ಯವಾದುದು. ಆ ಎರಡು ಗೆರೆಗಳನ್ನು ಸೇರಿಸಿದೊಡನೆ ಎತ್ತಿಕೊಳ್ಳಬೇಕಾದ ಮಗು ಹೋರಾಡಲು ನಿಂತ ಮಗುವಾಗುತ್ತದೆ. 2014ರಲ್ಲಿ ಈ ಆಟಗಳ ನಿರ್ದೇಶಕ ಶಿನ್ಯ ಕುಮಜಾಕಿ ಇದಕ್ಕೆ ಕೊಟ್ಟ ವಿವರಣೆಯೂ ಇದಕ್ಕೆ ಹೊಂದುತ್ತದೆ: ಜಪಾನಿನಲ್ಲಿ ಕರ್ಬಿಯ ಮುದ್ದುತನವೇ ಹೆಚ್ಚು ಜನರನ್ನು ಸೆಳೆಯುವುದು, ಅಮೆರಿಕದಲ್ಲಿ ಅದರ ಕೆಚ್ಚು ಹೆಚ್ಚು ಹಿಡಿಸುವುದು, ಆದರೂ ಇದು ಆಟದಿಂದ ಆಟಕ್ಕೆ ಬದಲಾಗುವುದು ಎಂದು.

ಇಲ್ಲಿಯವರೆಗಿನ ಕಥೆಯನ್ನು ವಿನೋದವೆಂದು ಬಿಡಬಹುದು. ಆದರೆ ಪೆಟ್ಟಿಗೆಯ ಮೇಲೆ ಯಾರಿರಬಾರದು ಎಂಬ ಪ್ರಶ್ನೆ ಬಂದಾಗ ವಿಷಯವು ಗಂಭೀರವಾಗುತ್ತದೆ. 2013ರ 'ಬಯೋಶಾಕ್ ಇನ್‌ಫಿನಿಟ್' ಎಂಬ ಆಟದಲ್ಲಿ ಎಲಿಜಬೆತ್ ಎಂಬ ಯುವತಿಯೇ ಕಥೆಯ ಜೀವಾಳ. ಮುಖಪುಟದಲ್ಲಿಯೋ ಬಂದೂಕು ಹೊತ್ತ ಗಂಡಸೊಬ್ಬನೇ ಇದ್ದಾನೆ. ಆಕೆಗೆ ದೊರೆತುದು ಪೆಟ್ಟಿಗೆಯ ಬೆನ್ನು. ಅಭಿಮಾನಿಗಳು ಗೊಣಗಿದಾಗ ಆಟದ ಕರ್ತೃ ಕೆನ್ ಲೆವಿನ್ ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಿದನು: ಅಭಿಮಾನಿಗಳು ಹೇಗೂ ಕೊಳ್ಳುವರು, ಈ ಚಿತ್ರವು ಆಟದ ಹೆಸರನ್ನೇ ಕೇಳದವರಿಗಾಗಿ, ಅದಕ್ಕಾಗಿ ಕಾಲೇಜು ಹುಡುಗರ ವಸತಿಗಳಿಗೆ ಹೋಗಿ ವಿಚಾರಿಸಿದ್ದೆವು ಎಂದು. ಕೊನೆಗೆ ಅಭಿಮಾನಿಗಳ ಮತ ಪಡೆದು ಮುಖಪುಟದ ಒಳಮಗ್ಗುಲಲ್ಲಿ ಬೇರೊಂದು ಚಿತ್ರವನ್ನು ಅಚ್ಚುಹಾಕಿದರು, ಬೇಕಾದವರು ತಿರುವಿಹಾಕಿಕೊಳ್ಳಬಹುದಾಗಿತ್ತು.

ಅದೇ ವರ್ಷ ಹೊರಬಂದ 'ದಿ ಲಾಸ್ಟ್ ಆಫ್ ಅಸ್' ಆಟದಲ್ಲಿಯೂ ಎಲಿ ಎಂಬ ಹುಡುಗಿಯನ್ನು ಚಿತ್ರದಲ್ಲಿ ಹಿಂದಕ್ಕೆ ಸರಿಸಬೇಕೆಂಬ ಸಲಹೆ ಬಂದಿತ್ತು. ನಾಟಿ ಡಾಗ್ ಸಂಸ್ಥೆಯವರು ಒಪ್ಪಲಿಲ್ಲ. ಅಷ್ಟೇ ಅಲ್ಲ, ಅಭಿಪ್ರಾಯ ಸಂಗ್ರಹಿಸುವ ಗುಂಪುಗಳಲ್ಲಿ ಹೆಣ್ಣು ಆಟಗಾರರೂ ಇರಬೇಕೆಂದು ಅವರು ತಾವಾಗಿ ಕೇಳಬೇಕಾಯಿತು. ಎಲಿ ಮುಂದೆಯೇ ನಿಂತಳು. ಆಟವೂ ಲಕ್ಷೋಪಲಕ್ಷ ಪ್ರತಿಗಳಲ್ಲಿ ಮಾರಾಟವಾಯಿತು.

ಇಲ್ಲಿ ತರ್ಕದ ಒಂದು ದೋಷವನ್ನು ವಾಚಕರು ಗಮನಿಸಬೇಕು. ಹೆಣ್ಣಿನ ಚಿತ್ರವಿರುವ ಪೆಟ್ಟಿಗೆ ಮಾರಾಟವಾಗದು ಎಂಬ ನಂಬಿಕೆಯಿಂದ ಅಂಥ ಪೆಟ್ಟಿಗೆಗಳು ವಿರಳವಾಗುತ್ತವೆ. ವಿರಳವಾದುದರಿಂದ ನಂಬಿಕೆಯನ್ನು ಪರೀಕ್ಷಿಸುವ ಸಂದರ್ಭವೇ ಒದಗದು. ಅಭಿಪ್ರಾಯ ಕೇಳುವಾಗಲೂ ಹುಡುಗರನ್ನೇ ಕೇಳಿದರೆ ಹುಡುಗರ ಉತ್ತರವೇ ಬರುವುದಷ್ಟೆ. ಒಂದು ಕಡೆಯ ಮಣ್ಣನ್ನು ಮಾತ್ರ ಪರೀಕ್ಷಿಸಿ ಹೊಲವೆಲ್ಲ ಕೆಮ್ಮಣ್ಣೆಂದು ತೀರ್ಮಾನಿಸುವುದಕ್ಕೂ ಇದಕ್ಕೂ ಭೇದವಿಲ್ಲ. ಒಂದೆರಡು ಆಟಗಳ ಗೆಲುವಿನಿಂದ ಎದುರು ಸಿದ್ಧಾಂತವೂ ಸ್ಥಾಪಿತವಾಗದೆಂಬುದು ನಿಜ. ಏಕೆಂದರೆ ಒಳ್ಳೆಯ ಆಟವು ಯಾವ ಚಿತ್ರದೊಡನೆಯೂ ಮಾರಾಟವಾಗಬಹುದು. ಆದರೆ ಸಿದ್ಧಾಂತವನ್ನು ಸಾಧಿಸುವ ಹೊಣೆ ಅದನ್ನು ಹೇಳುವವನದು.

ಸರಿಯಾದ ಪರೀಕ್ಷೆ ಹೇಗಿರಬೇಕು? ಆಟ ಒಂದೇ ಇರಬೇಕು, ಬೆಲೆ ಒಂದೇ ಇರಬೇಕು, ಕಾಲ ಒಂದೇ ಇರಬೇಕು. ಚಿತ್ರ ಮಾತ್ರ ಬೇರೆಯಾಗಿರಬೇಕು. ರಟ್ಟಿನ ಪೆಟ್ಟಿಗೆಗಳ ಕಾಲದಲ್ಲಿ ಇದು ದುಬಾರಿಯ ಮಾತು. ಈಗ ಮೊಬೈಲ್ ಫೋನಿನ ಆಟಗಳಿಗೆ ಪೆಟ್ಟಿಗೆಯೇ ಇಲ್ಲ; ಅಂಗಡಿಯ ಪುಟದಲ್ಲಿ ಅಂಚೆಚೀಟಿಗಿಂತಲೂ ಚಿಕ್ಕದಾದ ಒಂದು ಗುರುತುಚಿತ್ರವಿದೆ. ಗೂಗಲ್ ಕಂಪನಿಯ ಪ್ಲೇ ಅಂಗಡಿಯಲ್ಲಿ 2015ರಿಂದ ಆಟದ ಒಡೆಯನು ಇಂಥ ಚಿತ್ರಗಳನ್ನು ಪ್ರಯೋಗಕ್ಕೆ ಒಡ್ಡಬಹುದಾಗಿದೆ. ಬಂದವರಲ್ಲಿ ಕೆಲವರಿಗೆ ಒಂದು ಚಿತ್ರ, ಉಳಿದವರಿಗೆ ಇನ್ನೊಂದು ಚಿತ್ರ ಕಾಣುತ್ತದೆ. ಯಾವುದನ್ನು ಕಂಡವರು ಹೆಚ್ಚಾಗಿ ಆಟವನ್ನು ಇಳಿಸಿಕೊಂಡರೆಂಬ ಲೆಕ್ಕ ಅವನ ಕೈಸೇರುತ್ತದೆ. ತನ್ನ ಪಕ್ಕದವನಿಗೆ ಬೇರೆ ಮುಖ ಕಾಣುತ್ತಿದೆಯೆಂಬುದು ನೋಡುವವನಿಗೆ ತಿಳಿಯದು. ಭಾಷೆಭಾಷೆಗೆ ಬೇರೆಬೇರೆ ವಿವರಣೆಯನ್ನೂ ಚಿತ್ರಗಳನ್ನೂ ಒದಗಿಸುವ ಅವಕಾಶವೂ ಅಲ್ಲಿದೆ. ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಸೇರಿದೆ.