ನೇಪಾಳದ ಆಡಳಿತ ವಿಭಾಗಗಳು

2015ರ ಸೆಪ್ಟೆಂಬರ್ 20ರಂದು ಜಾರಿಗೆ ಬಂದ ಸಂವಿಧಾನವು ನೇಪಾಳದ ಅಧಿಕಾರವನ್ನು ಸಂಘ, ಪ್ರಾಂತ್ಯ ಮತ್ತು ಸ್ಥಳೀಯ ಎಂಬ ಮೂರು ಹಂತಗಳಲ್ಲಿ ಹಂಚಿತು. ಅದಕ್ಕೂ ಮೊದಲು 5 ಅಭಿವೃದ್ಧಿ ವಲಯ, 14 ಅಂಚಲ, 75 ಜಿಲ್ಲೆಗಳಿದ್ದರೂ ತೀರ್ಮಾನಗಳೆಲ್ಲ ಬಹುಮಟ್ಟಿಗೆ ಕಠ್ಮಂಡುವಿನಲ್ಲೇ ಆಗುತ್ತಿದ್ದವು.

ಈಗ ಇರುವ ಪ್ರಾಂತ್ಯಗಳು 7: ಕೋಶಿ, ಮಧೇಶ್, ಬಾಗ್ಮತಿ, ಗಂಡಕಿ, ಲುಂಬಿನಿ, ಕರ್ಣಾಲಿ, ಸುದೂರಪಶ್ಚಿಮ. ಆರಂಭದಲ್ಲಿ ಇವುಗಳಿಗೆ ಸಂಖ್ಯೆಗಳಷ್ಟೇ ಇದ್ದವು. ಹೆಸರಿಡುವ ಹೊಣೆ ಪ್ರಾಂತೀಯ ಸಭೆಗಳದು. 1ನೇ ಪ್ರಾಂತ್ಯ ಕೋಶಿಯಾದದ್ದು 2023ರಲ್ಲಿ, ಎಲ್ಲಕ್ಕಿಂತ ಕೊನೆಗೆ. ಪ್ರಾಂತ್ಯಗಳ ಗಡಿ ಎಳೆಯುವಾಗ ರುಕುಂ ಮತ್ತು ನವಲಪರಾಸಿ ಇಬ್ಭಾಗವಾಗಿ ಜಿಲ್ಲೆಗಳು 77ಕ್ಕೇರಿದವು. ಜಿಲ್ಲಾ ಸಮಿತಿಗೆ ಈಗ ಮುಖ್ಯವಾಗಿ ಸಮನ್ವಯದ ಕೆಲಸ.

ನಿಜವಾದ ಬದಲಾವಣೆ ಆಗಿರುವುದು ಸ್ಥಳೀಯ ಹಂತದಲ್ಲಿ. 6 ಮಹಾನಗರ ಪಾಲಿಕೆ, 11 ಉಪಮಹಾನಗರ ಪಾಲಿಕೆ, 276 ನಗರ ಪಾಲಿಕೆ, 460 ಗ್ರಾಮ ಪಾಲಿಕೆ ಸೇರಿ ಒಟ್ಟು 753 ಘಟಕಗಳು. ಪ್ರೌಢ ಶಿಕ್ಷಣ, ಮೂಲ ಆರೋಗ್ಯ, ಸ್ಥಳೀಯ ರಸ್ತೆ ಸೇರಿದಂತೆ 22 ವಿಷಯಗಳನ್ನು ಸಂವಿಧಾನದ 8ನೇ ಅನುಸೂಚಿ ಇವುಗಳಿಗೆ ನೇರವಾಗಿ ಒಪ್ಪಿಸಿದೆ. ಭಾರತದಲ್ಲಿ 11ನೇ ಅನುಸೂಚಿಯ 29 ವಿಷಯಗಳನ್ನು ಪಂಚಾಯಿತಿಗಳಿಗೆ ವಹಿಸುವುದು ರಾಜ್ಯ ಶಾಸಕಾಂಗದ ವಿವೇಚನೆಗೆ ಬಿಟ್ಟದ್ದು. ಈ ವ್ಯತ್ಯಾಸವನ್ನು ಪರೀಕ್ಷಾರ್ಥಿಗಳು ಚೆನ್ನಾಗಿ ಗಮನಿಸಬೇಕು.

ಎಲ್ಲಕ್ಕಿಂತ ಕೆಳಗಿನ ಘಟಕ ವಾರ್ಡ್. ಪ್ರತಿ ವಾರ್ಡಿಗೆ ಒಬ್ಬ ಅಧ್ಯಕ್ಷ, ನಾಲ್ವರು ಸದಸ್ಯರು. ಸದಸ್ಯರಲ್ಲಿ ಇಬ್ಬರು ಮಹಿಳೆಯರಿರಬೇಕು, ಅವರಲ್ಲಿ ಒಬ್ಬರು ದಲಿತ ಮಹಿಳೆಯಾಗಿರಬೇಕು.