ತಿಪ್ಪೆಗೆ ಸೇರಬೇಕಾದ ಕಸ, ಸೇರಬಾರದ ಕಸ

ದೀಪಾವಳಿಯ ದಿನ ತಿಪ್ಪೆಗೆ ಪೂಜೆ ಮಾಡಿ ದೀಪ ಇಡುವ ಪದ್ಧತಿ ನಮ್ಮ ನಾಡಿನ ಹಲವು ಊರುಗಳಲ್ಲಿ ಇಂದಿಗೂ ಉಂಟು. ಮನೆಯ ಕಸ, ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ದನ ತಿಂದು ಬಿಟ್ಟ ಹುಲ್ಲು ಎಲ್ಲವೂ ಅಲ್ಲಿ ಕೊಳೆತು ಹೊಲಕ್ಕೆ ಆಹಾರವಾಗುತ್ತಿದ್ದವು. ಆ ಕಾಲದ ಕಸದಲ್ಲಿ ಕೊಳೆಯದ ವಸ್ತುವೆಂದರೆ ಒಡೆದ ಮಡಕೆಯ ಚೂರು, ಹೆಚ್ಚೆಂದರೆ ಬಳೆಯ ತುಂಡು.

ಇಂದಿನ ತಿಪ್ಪೆ ಹಾಗಿಲ್ಲ. ಹಾಲಿನ ಪ್ಯಾಕೆಟ್, ಶಾಂಪೂ ಚೀಟಿ, ಔಷಧಿ ಬಾಟಲಿ, ಮುಗಿದ ಬ್ಯಾಟರಿ ಸೆಲ್ಲು, ಒಡೆದ ಬಲ್ಬು ಎಲ್ಲವೂ ಅಲ್ಲೇ ಬೀಳುತ್ತವೆ. ಬೇಸಿಗೆಯಲ್ಲಿ ಗೊಬ್ಬರ ಹೊಡೆಯುವಾಗ ಇವೂ ಗಾಡಿಯೇರಿ ಹೊಲ ಸೇರುತ್ತವೆ. ಕಳೆ ಕೀಳುವವರ ಕಾಲಿಗೆ ಗಾಜು ಹೊಕ್ಕಾಗಲೇ ನಮಗೆ ತಿಪ್ಪೆಯ ನೆನಪಾಗುವುದು. ಆದುದರಿಂದ ಊರಿನ ಕಸವನ್ನು ಬೇರ್ಪಡಿಸಿ ಒಳ್ಳೆಯ ಗೊಬ್ಬರ ಮಾಡುವ ಕ್ರಮವನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಅಗತ್ಯ.

ಮನೆಯಲ್ಲೇ ಏಕೆ ಬೇರ್ಪಡಿಸಬೇಕು?

"ಈಗ ಎಲ್ಲವನ್ನೂ ಹಾಕೋಣ, ಗೊಬ್ಬರವಾದ ಮೇಲೆ ಜರಡಿ ಹಿಡಿದರಾಯಿತು" ಎನ್ನುವವರಿದ್ದಾರೆ. ಇದು ತಪ್ಪು ತಿಳಿವಳಿಕೆ. ಜರಡಿಗೆ ದೊಡ್ಡ ಗಾಜು, ಕಲ್ಲು ಸಿಕ್ಕೀತು. ಬಿಸಿಲಿಗೆ ಪುಡಿಯಾದ ಪ್ಲಾಸ್ಟಿಕ್ ಸಿಗದು. ಸೆಲ್ಲು, ಬಣ್ಣದ ಡಬ್ಬಿಗಳಿಂದ ಇಳಿದ ಸೀಸ, ಕ್ಯಾಡ್ಮಿಯಂಗಳಂತೂ ಸಿಗುವುದೇ ಇಲ್ಲ.

ಈ ಲೋಹಗಳು ಕೊಳೆತು ಹೋಗುವ ವಸ್ತುಗಳಲ್ಲ. ಕಸ ಕೊಳೆಯುವಾಗ ಅದರ ನೀರು ಆವಿಯಾಗುತ್ತದೆ, ಇಂಗಾಲದ ಬಹುಭಾಗ ಗಾಳಿಗೆ ಸೇರುತ್ತದೆ. 100 ಕಿಲೋ ಕಸ 30 ಕಿಲೋ ಗೊಬ್ಬರವಾಯಿತೆನ್ನಿ. ನೂರು ಕಿಲೋದಲ್ಲಿದ್ದ ಲೋಹದ ಬಹುಪಾಲು ಆ ಮೂವತ್ತು ಕಿಲೋದಲ್ಲೇ ಉಳಿಯುತ್ತದೆ. ಅಂದರೆ ಗೊಬ್ಬರ ಆಗುತ್ತಾ ಹೋದಂತೆ ವಿಷವೂ ಗಟ್ಟಿಯಾಗುತ್ತದೆ. ಒಮ್ಮೆ ಮಣ್ಣಿಗೆ ಸೇರಿದ ಮೇಲೆ ಅದನ್ನು ತೆಗೆಯುವ ಸುಲಭ ಉಪಾಯವಿಲ್ಲ. ಆದ್ದರಿಂದ ಬೇರ್ಪಡಿಸುವ ಕೆಲಸ ತಿಪ್ಪೆಗೆ ಹಾಕುವ ಮೊದಲೇ ಮುಗಿಯತಕ್ಕದ್ದು.

ದನಗಳಿಗೂ ಅಪಾಯವುಂಟು. ಮುಸುರೆ ಕಟ್ಟಿ ಎಸೆದ ಕವರನ್ನು ಹಸು ಕವರಿನೊಂದಿಗೇ ನುಂಗುತ್ತದೆ. ಅದು ಮೊದಲ ಹೊಟ್ಟೆಯಲ್ಲೇ ಉಳಿದು ಗಂಟುಕಟ್ಟುತ್ತದೆ. ಹಸು ಮೇವು ಬಿಟ್ಟು ಸೊರಗುತ್ತದೆ, ಸಾಯುವುದೂ ಉಂಟು.

ಬೇರ್ಪಡಿಸುವ ಕ್ರಮ

1. ಹಸಿ ಕಸ: ತರಕಾರಿ ಸಿಪ್ಪೆ, ಮಿಕ್ಕ ಅಡುಗೆ, ಹೂವು, ಬಾಳೆ ಎಲೆ. ಇದು ಮಾತ್ರ ಗೊಬ್ಬರದ ಗುಂಡಿಗೆ. ಇದನ್ನು ಮುಚ್ಚಳವಿರುವ ಬಕೆಟ್ಟಿನಲ್ಲಿ ಇಡಬೇಕು, ಕವರಿನಲ್ಲಿ ಕಟ್ಟಬಾರದು.

2. ಒಣ ಕಸ: ಕಾಗದ, ರಟ್ಟು, ಪ್ಲಾಸ್ಟಿಕ್, ತಗಡು, ಗಾಜು. ತೊಳೆದು ಒಣಗಿಸಿ ಚೀಲದಲ್ಲಿ ಕೂಡಿಟ್ಟರೆ ಗುಜರಿಯವರು ಕೊಳ್ಳುವ ವಸ್ತುಗಳಿಗೆ ಬೆಲೆಯೂ ಬರುತ್ತದೆ. ಪ್ಲಾಸ್ಟಿಕ್ಕನ್ನು ಎಂದಿಗೂ ಸುಡಬಾರದು. ಅದರ ಹೊಗೆ ವಿಷ.

3. ವಿಷದ ಕಸ: ಸೆಲ್ಲು, ಟ್ಯೂಬ್‌ಲೈಟು, ಹಳೆಯ ಮಾತ್ರೆ, ಕೀಟನಾಶಕದ ಡಬ್ಬಿ. ಕೀಟನಾಶಕದ ಡಬ್ಬಿಯನ್ನು ಸಿಂಪಡಿಸುವಾಗಲೇ ಮೂರು ಬಾರಿ ತೊಳೆದು, ಆ ನೀರನ್ನು ಸಿಂಪರಣಾ ದ್ರಾವಣಕ್ಕೇ ಸುರಿಯಬೇಕು. ಮನೆಬಳಕೆಗೆ ಬಾರದಂತೆ ಡಬ್ಬಿಗೆ ತೂತು ಹೊಡೆದು ಪ್ರತ್ಯೇಕವಾಗಿಡಬೇಕು.

4. ಮಕ್ಕಳ ಡಯಾಪರ್, ಸ್ಯಾನಿಟರಿ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಬೇಕು.

ಗುಂಡಿ ತುಂಬುವ ವಿಧಾನ

ಪೇಟೆಯ ಕಸವನ್ನು ಗೊಬ್ಬರವಾಗಿಸಲು 1939ರಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ರೂಪಿಸಿದ ಕ್ರಮಕ್ಕೆ 'ಬೆಂಗಳೂರು ವಿಧಾನ' ಎಂದೇ ಹೆಸರು. ಇದರಲ್ಲಿ ಗೊಬ್ಬರವನ್ನು ಮಗುಚುವ ಕೆಲಸವಿಲ್ಲ, ಪದೇ ಪದೇ ನೀರು ಹಾಕುವ ಕೆಲಸವೂ ಇಲ್ಲ. ಆಳಿನ ಅಭಾವವಿರುವ ಈ ಕಾಲಕ್ಕೆ ಇದು ಅನುಕೂಲ. ಮೂಲ ಕ್ರಮದಲ್ಲಿ ಕಸದ ನಡುವೆ ಮಲವನ್ನು ಹಾಕುತ್ತಿದ್ದರು. ನಮ್ಮ ಊರುಗಳಲ್ಲಿ ಅದರ ಬದಲು ಸಗಣಿಯನ್ನು ಬಳಸಬಹುದು.

ನೀರು ನಿಲ್ಲದ ಎತ್ತರದ ಜಾಗದಲ್ಲಿ, ಕುಡಿಯುವ ನೀರಿನ ಬಾವಿಯಿಂದ ದೂರವಾಗಿ, 15 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಎರಡು ಗುಂಡಿ ತೆಗೆಯಬೇಕು. ಒಂದು ತುಂಬುವಾಗ ಇನ್ನೊಂದು ಮಾಗುತ್ತಿರುತ್ತದೆ. ಇಡೀ ಗುಂಡಿಗೆ ಕಸವನ್ನು ಹರಡಬಾರದು. ಮೂರು ಅಡಿ ಉದ್ದದ ಭಾಗಗಳಾಗಿ ಮಾಡಿಕೊಂಡು, ಒಂದೊಂದನ್ನೇ ತುಂಬುತ್ತಾ ಹೋಗಬೇಕು.

ತಳಕ್ಕೆ ಒರಟಾದ ಕಡ್ಡಿ, ತೊಗರಿ ಕಟ್ಟಿಗೆ ಹಾಸಿ, ಮೇಲೆ ಅರ್ಧ ಅಡಿ ಕಸ ಹರಡಿ. ಅದರ ಮೇಲೆ ಸಗಣಿ ಬಗ್ಗಡ ಚಿಮುಕಿಸಿ, ತೆಳುವಾಗಿ ಮಣ್ಣು ಎರಚಿ. ಬರೀ ಅಡುಗೆಮನೆಯ ಕಸವಾದರೆ ನೀರೊಡೆದು ನಾರುತ್ತದೆ; ಒಣಹುಲ್ಲು, ತರಗೆಲೆಗಳನ್ನು ಸಮವಾಗಿ ಬೆರೆಸಬೇಕು. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ ಕಿತ್ತು ಹಾಕಬಹುದು. ಹೀಗೆ ಪದರದ ಮೇಲೆ ಪದರವಾಗಿ ನೆಲಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರಕ್ಕೆ ಏರಿಸಿ, 8–10 ದಿನ ಬಿಟ್ಟು, ಒಂದು ಅಂಗುಲ ದಪ್ಪಕ್ಕೆ ಕೆಸರು ಮಣ್ಣು ಮೆತ್ತಬೇಕು. ಇದರಿಂದ ತೇವ ಆರುವುದಿಲ್ಲ, ನೊಣ ಮೊಟ್ಟೆಯಿಡುವುದಿಲ್ಲ, ಸಾರಜನಕವೂ ಅಷ್ಟಾಗಿ ಹಾರಿಹೋಗದು. ಮಣ್ಣು ಬಿರುಕು ಬಿಟ್ಟರೆ ಮತ್ತೆ ಮೆತ್ತಬೇಕು.

6ರಿಂದ 8 ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಬಣ್ಣ ಕಪ್ಪು, ವಾಸನೆ ಮಳೆಬಿದ್ದ ಮಣ್ಣಿನಂತೆ, ಹಿಡಿದರೆ ಪುಡಿಪುಡಿ ಆಗಿರಬೇಕು. ಅರೆಕೊಳೆತ ಗೊಬ್ಬರ ಹಾಕುವುದು ನಷ್ಟ. ಅದನ್ನು ಕೊಳೆಸುವ ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕವನ್ನೇ ಹೀರಿ ಪೈರು ಹಳದಿಯಾಗುತ್ತದೆ. ಗೊಣ್ಣೆಹುಳು, ಗೆದ್ದಲೂ ಹೊಲಕ್ಕೆ ಬರುತ್ತವೆ.

ಪೇಟೆಯ ಕಸ ಬಂದಾಗ

ನಗರದ ಹತ್ತಿರದ ಊರುಗಳಲ್ಲಿ 'ಬಿಟ್ಟಿ ಗೊಬ್ಬರ' ಎಂದು ಬೆರಕೆ ಕಸವನ್ನು ಹೊಲಕ್ಕೆ ಸುರಿದು ಹೋಗುವುದುಂಟು. ಇದನ್ನು ಒಪ್ಪಬಾರದು. ಬೆಂಗಳೂರಿನ ಕಸ ಬಂದು ಬೀಳುತ್ತಿದ್ದ ಮಂಡೂರಿನಲ್ಲಿ ಜನ 2014ರಲ್ಲಿ ಹೋರಾಟ ಮಾಡಿಯೇ ಲಾರಿಗಳನ್ನು ತಡೆಯಬೇಕಾಯಿತು. ಮಾರಾಟದ ಪೇಟೆ ಕಾಂಪೋಸ್ಟ್ ಕೊಳ್ಳುವವರು ಪರೀಕ್ಷೆಯ ವರದಿ ಕೇಳಬೇಕು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಒಂದು ಕಿಲೋ ಗೊಬ್ಬರದಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಕೂಡದು.

ಊರು ಕೂಡಿದರೆ

ಒಂದು ಮನೆಯಲ್ಲಿ ದಿನಕ್ಕೆ ಒಂದು ಕಿಲೋ ಹಸಿ ಕಸವೆಂದು ಹಿಡಿಯೋಣ. ನೂರು ಮನೆಗೆ ವರ್ಷಕ್ಕೆ 36 ಟನ್ ಆಯಿತು. ಕೊಳೆತು ಕಾಲು ಭಾಗಕ್ಕೆ ಇಳಿದರೂ 9 ಟನ್ ಗೊಬ್ಬರ. ಖುಷ್ಕಿ ರಾಗಿಗೆ ಎಕರೆಗೆ 3 ಟನ್ನಿನಂತೆ 3 ಎಕರೆಗೆ ಸಾಕು. ಇದು ದೊಡ್ಡ ಮೊತ್ತವಲ್ಲ, ನಿಜ. ಆದರೆ ಇದರೊಂದಿಗೆ ಹೊಲದ ತ್ಯಾಜ್ಯವೂ ಸೇರಿದರೆ ಗೊಬ್ಬರ ಹೆಚ್ಚುತ್ತದೆ. ಉಳಿದ ಹೊಲಗಳೂ ಗಾಜು, ಪ್ಲಾಸ್ಟಿಕ್ಕುಗಳಿಂದ ಪಾರಾಗುತ್ತವೆ.

ನಮ್ಮ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಕಸ ಒಯ್ಯಲು 'ಸ್ವಚ್ಛ ವಾಹಿನಿ' ಗಾಡಿಗಳಿವೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಅವನ್ನು ಓಡಿಸುವ ಊರುಗಳಿವೆ. ಗಾಡಿ ಬಂದರೆ ಸಾಲದು. ಹತ್ತು ಮನೆಯವರು ಬೇರ್ಪಡಿಸಿ ಒಂದು ಮನೆಯವರು ಬೆರೆಸಿ ಕೊಟ್ಟರೂ ಗಾಡಿಯೆಲ್ಲ ಕೆಡುತ್ತದೆ. ಬೆರಕೆ ಕಸವನ್ನು ಹಿಂದಿರುಗಿಸುವ ಅಧಿಕಾರ ಗಾಡಿಯವರಿಗಿರಬೇಕು. ಮನೆಯವರು ಕೋಪಿಸಿಕೊಳ್ಳಬಾರದು, ಆ ಕಸಕ್ಕೆ ಕೈಹಾಕುವವಳು ನಮ್ಮ ಊರಿನ ಮಗಳೇ. ಸಿದ್ಧವಾದ ಗೊಬ್ಬರ ಯಾರಿಗೆ, ಯಾವ ಬೆಲೆಗೆ ಎಂಬುದನ್ನು ಗ್ರಾಮಸಭೆಯಲ್ಲಿ ಮೊದಲೇ ನಿಶ್ಚಯಿಸಿದರೆ ಮುಂದೆ ತಕರಾರಿಲ್ಲ.

ಹೊಲಕ್ಕೆ ಹಾಕಿದ್ದೇ ತಟ್ಟೆಗೆ ಬರುತ್ತದೆ. ಈ ವಾರವೇ ಮನೆಯಲ್ಲಿ ಎರಡು ಬಕೆಟ್ಟು, ಒಂದು ಚೀಲ, ವಿಷದ ಕಸಕ್ಕೆ ಒಂದು ಡಬ್ಬಿ ಇಟ್ಟು ಕೆಲಸ ಪ್ರಾರಂಭಿಸಿ. ಮುಂದಿನ ದೀಪಾವಳಿಗೆ ದೀಪ ಇಡುವ ತಿಪ್ಪೆ ಪೂಜೆಗೆ ಯೋಗ್ಯವಾಗಿರಲಿ.